ಕುಂಕುಮದ ಬಟ್ಟಲಲ್ಲಿ ಎರಡು ರಾತ್ರಿ

ನನ್ನ ಕನ್ನಡಕದ ಪವರ್ ಮೈನಸ್ ಆರೂವರೆ. ಅದನ್ನು ತೆಗೆದರೆ, ಗುಬ್ಬಿಯ ನಮ್ಮ ಮನೆಯ ಹಜಾರದಲ್ಲಿ ಕೂತವರು ಯಾರೆಂದು ಬಟ್ಟೆಯ ಬಣ್ಣದಿಂದ ಊಹಿಸಬೇಕು. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವುದು ನನ್ನ ಕೆಲಸ. ಕೂದಲೆಳೆಗಿಂತ ಸಣ್ಣ ವ್ಯತ್ಯಾಸ ಇದ್ದರೂ ಆ ಭಾಗವನ್ನು ಪಕ್ಕಕ್ಕಿಟ್ಟು, ದಿನಾಂಕ ಹಾಕಿ, ಕಾರಣ ಬರೆಯಬೇಕು. ಆ ಅಭ್ಯಾಸ ಕೆಲಸದಿಂದ ಮನೆಗೂ ಬಂದು ನನ್ನ ಡೈರಿಯಲ್ಲಿ ಕೂತಿದೆ. ಡೈರಿಯ ಹಿಂಬದಿಯ ಎರಡು ಪುಟ ಹೆಣ್ಣು ನೋಡಲು ಬಂದವರಿಗೆ ಮೀಸಲು. ಯಾವ ವಾರ, ಯಾವ ಊರು, ಎಷ್ಟು ಜನ, ಏನು ತಿಂದರು, ಏನು ಹೇಳಿ ಕಳಿಸಿದರು. ಕೊನೆಯ ಕಾಲಂ ಕನ್ನಡಕದ್ದು: ಹಾಕಿದ್ದೆನೋ ಇಲ್ಲವೋ. ಮೊದಲ ನಾಲ್ಕು ಸಾಲಿನಲ್ಲಿ 'ಇಲ್ಲ' ಎಂದೇ ಇದೆ.

ಏಕೆಂದರೆ ಅತ್ತೆಯ ಅಪ್ಪಣೆ. ಅತ್ತೆ ಎಂದರೆ ಅಪ್ಪನ ಅಕ್ಕ, ಕುಣಿಗಲ್ಲಿನಲ್ಲಿ ಇದ್ದಾರೆ. ನಮ್ಮ ಕಡೆ ಮೂವತ್ತು ಮನೆಯ ಸಂಬಂಧಗಳನ್ನು ತಾನೇ ಕೂಡಿಸಿದೆ ಎಂದು ಅವರ ನಂಬಿಕೆ. ಅವುಗಳಲ್ಲಿ ಎಷ್ಟು ಕೂಡಿಯೇ ಉಳಿದವು ಎಂದು ಯಾರೂ ಕೇಳುವುದಿಲ್ಲ. ಅಪ್ಪ ಅಕ್ಕನ ಮಾತಿಗೆ ಎದುರಾಡುವವರಲ್ಲ.

"ಒಂದರ್ಧ ಗಂಟೆ ತೆಗ್ದಿಟ್ರೆ ಕಣ್ಣೇನು ಕಳ್ದೋಗತ್ತೇನೇ? ಮೊದ್ಲು ಮುಖ ನೋಡ್ಲಿ. ಆಮೇಲೆ ಗಾಜು ಹಾಕ್ಕೋ, ಬಾಗ್ಲು ಹಾಕ್ಕೋ," ಎನ್ನುತ್ತಿದ್ದರು.

ಹಾಗಾಗಿ ನಾನು ಕುರುಡಿಯ ಹಾಗೆ ಹೆಜ್ಜೆ ಎಣಿಸಿಕೊಂಡು ಕಾಫಿ ತಟ್ಟೆ ಹಿಡಿದು ಹೋಗುತ್ತಿದ್ದೆ. ಅಡುಗೆಮನೆಯ ಹೊಸಿಲಿಂದ ಸೋಫಾಕ್ಕೆ ಹನ್ನೊಂದು ಹೆಜ್ಜೆ. ಮೂರನೆಯ ಸಲ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಬಿಳಿ ಅಂಗಿ ಕಂಡಿತು. ಗಂಡು ಇವನೇ ಎಂದುಕೊಂಡು ಅವನಿಗೆ ಮೊದಲು ಕಾಫಿ ಕೊಟ್ಟು, ಎದುರು ಕೂತು, ನಾಲ್ಕು ನಿಮಿಷ ತಲೆ ತಗ್ಗಿಸಿ ನಾಚಿಕೊಂಡೆ. ಅವನು ಅವರ ಕಾರಿನ ಡ್ರೈವರ್. ಪಾಪ, ಅವನೂ ನಾಚಿಕೊಂಡನಂತೆ. ನಿಜವಾದ ಗಂಡು ಸೋಫಾದ ಮೂಲೆಯಲ್ಲಿ ಕೂತು ಕೇಸರಿಬಾತ್ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದ. ಅವರು ಹೇಳಿ ಕಳಿಸಿದ್ದು, 'ಹುಡುಗಿ ಸ್ವಲ್ಪ ಚಂಚಲ.'

ಇಷ್ಟಾದ ಮೇಲೆ ಅತ್ತೆಗೆ ಹೊಳೆದದ್ದು ಕಾಂಟ್ಯಾಕ್ಟ್ ಲೆನ್ಸ್. ಹುಲಿಯೂರುದುರ್ಗದ ಕಡೆಯ ಒಂದು ಮನೆಯವರು ಬರುವವರಿದ್ದರು. ಹುಡುಗನಿಗೆ ಬ್ಯಾಂಕಿನ ಕೆಲಸ, ತೋಟ ಬೇರೆ. ಅವರಿಗೆ ಕೆಲಸಕ್ಕೆ ಹೋಗುವ ಹುಡುಗಿಯೇ ಬೇಕಂತೆ, ಕನ್ನಡಕ ಹಾಕುವವಳು ಬೇಡವಂತೆ. ನನ್ನ ಕೆಲಸ ನಡೆಯುವುದೇ ಆ ಕನ್ನಡಕದಿಂದ ಎನ್ನುವುದು ಯಾರಿಗೂ ತೊಡಕಾಗಿ ಕಾಣಲಿಲ್ಲ. ಫೆಬ್ರವರಿಯ ಒಂದು ಶನಿವಾರ ತುಮಕೂರಿನ ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಮಾಡಿಸಿದೆವು. ಅಂಗಡಿಯವರು ಹಾಕುವುದು, ತೆಗೆಯುವುದು ಮೂರು ಸಲ ಮಾಡಿ ತೋರಿಸಿದರು. "ಈ ಸೊಲ್ಯೂಷನ್‌ನಲ್ಲೇ ಇಡಬೇಕು. ನೀರು ಮುಟ್ಟಿಸಬೇಡಿ. ಕೊಳಾಯಿದಾಗ್ಲಿ, ಫಿಲ್ಟರ್ದಾಗ್ಲಿ," ಎಂದರು. ಅದನ್ನು ಅವತ್ತಿನ ಪುಟದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ಗೆರೆ ಈಗಲೂ ಚೆನ್ನಾಗಿಯೇ ಕಾಣುತ್ತದೆ.

ಹುಡುಗಿ ತೋರಿಸುವುದು ಅತ್ತೆಯ ಮನೆಯಲ್ಲೇ ಎಂದಾಯಿತು. ಹುಲಿಯೂರುದುರ್ಗದವರಿಗೆ ಕುಣಿಗಲ್ ಹತ್ತಿರ. ಮುಂದಿನ ಶನಿವಾರ ಬೆಳಿಗ್ಗೆ ಲೆನ್ಸ್ ಹಾಕಿಕೊಂಡೇ ಗುಬ್ಬಿಯಿಂದ ಬಸ್ಸು ಹತ್ತಿದೆ. ಸಂಜೆ ತೆಗೆಯಲು ಹೋದಾಗ ತಿಳಿಯಿತು, ಡಬ್ಬಿ ಮತ್ತು ಬಾಟಲಿ ಎರಡೂ ಗುಬ್ಬಿಯ ಕನ್ನಡಿ ಮುಂದೆ ಕೂತಿವೆ. ಮೂವತ್ತು ಸಂಬಂಧ ಕೂಡಿಸಿದವರಿಗೆ ಇದೊಂದು ಸಮಸ್ಯೆಯೇ? ದೇವರ ಮನೆಯಿಂದ ಕುಂಕುಮದ ಎರಡು ಬೆಳ್ಳಿ ಬಟ್ಟಲು ತಂದು, ತಿಕ್ಕಿ ತೊಳೆದು, ಕೊಳಾಯಿ ತಿರುಗಿಸಿ ನೀರು ತುಂಬಿ ನನ್ನ ಮುಂದೆ ಇಟ್ಟರು.

"ಅತ್ತೆ, ನೀರಲ್ಲಿ ಇಡಬಾರದಂತೆ."

"ಅಂಗಡಿಯೋನು ಬಾಟ್ಲಿ ಮಾರ್ಬೇಕಲ್ಲ, ಅದ್ಕೇ ಹಂಗಂತಾನೆ. ನಮ್ಮ ಬೋರಿನ ನೀರು ಎಳನೀರಿದ್ದಂಗೈತೆ ಕಣೇ. ನಿಮ್ಮ ಗುಬ್ಬೀಲಿ ಸಿಗತ್ತಾ ಇಂಥ ನೀರು? ಅದೂ ಬೆಳ್ಳಿ ಬಟ್ಲು. ಸುಮ್ನೆ ಹಾಕು."

ಹಾಕಿದೆ. ಮರುದಿನ ಅವನ್ನೇ ಕಣ್ಣಿಗಿಟ್ಟುಕೊಂಡು ಕೂತೆ. ಹುಡುಗನ ತಾಯಿ ನನ್ನನ್ನು ನೋಡಿ ಹೇಳಿದ ಮಾತು ಡೈರಿಯಲ್ಲಿದೆ: "ಹುಡುಗೀ ಕಣ್ಣು ಲಕ್ಷಣವಾಗವೆ." ಅತ್ತೆ ನನ್ನ ಕಡೆ ನೋಡಿದ ನೋಟಕ್ಕೆ ಒಂದು ಹಾರ ಹಾಕಬಹುದಿತ್ತು. ಮುಂದಿನ ಭಾನುವಾರ ಮಾತುಕತೆಗೆ ಅಲ್ಲೇ ಸೇರುವುದೆಂದಾಯಿತು. ಆ ಸಲ ಹೊರಟ ಗಡಿಬಿಡಿಯಲ್ಲಿ ಬಾಟಲಿ ಮತ್ತೆ ಮನೆಯಲ್ಲೇ ಉಳಿಯಿತು. ಗಡಿಬಿಡಿ ಎನ್ನುವುದೂ ಪೂರ್ತಿ ನಿಜವಲ್ಲ. ಮೊದಲ ಸಲ ಏನೂ ಆಗಿರಲಿಲ್ಲ, ಹಾಗಾಗಿ ನಾನೂ ಅಷ್ಟು ಹುಡುಕಲಿಲ್ಲ. "ಹೋದ್ಸಲ ಏನಾಯ್ತು? ಏನೂ ಆಗ್ಲಿಲ್ಲ ತಾನೇ?" ಎಂದು ಅತ್ತೆ ಅದೇ ಬಟ್ಟಲು ತಂದರು. ಭಾನುವಾರ ಜಾತಕ ಕೂಡಿತು, ನಿಶ್ಚಿತಾರ್ಥಕ್ಕೆ ದಿನ ನೋಡುವುದೆಂದಾಯಿತು. ಲೆಕ್ಕ ಹೀಗಿದೆ: ಲೆನ್ಸ್ ಹಾಕಿದ್ದು ಒಟ್ಟು ಹನ್ನೊಂದು ಸಲ, ನೀರಲ್ಲಿ ಇಟ್ಟದ್ದು ಎರಡು ರಾತ್ರಿ.

ಮುಂದಿನ ಬುಧವಾರ ಬಲಗಣ್ಣು ಕೆಂಪಾಯಿತು. ಅದನ್ನು ಒಂದನೇ ದಿನ ಎಂದು ಬರೆದುಕೊಂಡೆ.

ಮೊದಲು ಮರಳು ಬಿದ್ದ ಹಾಗಿತ್ತು. ಮೂರನೇ ದಿನಕ್ಕೆ ಹಲ್ಲುನೋವು ಕಣ್ಣಿಗೆ ಇಳಿದ ಹಾಗೆ, ಹುಬ್ಬಿನ ಹಿಂದೆ ಯಾರೋ ತಿರುಪು ಮೊಳೆ ತಿರುಗಿಸಿದ ಹಾಗೆ. ಬೆಳಕು ಬೇಡ. ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಅದರ ಮೇಲೆ ಕಂಬಳಿ ಕಟ್ಟಿ, ಆಮೇಲೂ ಕಣ್ಣಿನ ಮೇಲೆ ಟವೆಲ್. ಗುಬ್ಬಿಯ ಕಣ್ಣಿನ ಕ್ಲಿನಿಕ್ಕಿಗೆ ಕರೆದೊಯ್ದದ್ದು ಅತ್ತೆಯೇ. ಸುದ್ದಿ ಕೇಳಿ ಕುಣಿಗಲ್ಲಿನಿಂದ ಬಂದಿದ್ದರು, ನನ್ನ ಕಣ್ಣಿಗಾಗಿಯೋ ನಿಶ್ಚಿತಾರ್ಥಕ್ಕಾಗಿಯೋ ಅವರೇ ಹೇಳಬೇಕು. ಡಾಕ್ಟರ್ ಮೊದಲು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ.

"ಲೆನ್ಸ್ ಏನಾದ್ರೂ ಹಾಕ್ತೀರಾಮ್ಮ?"

ನನಗಿಂತ ಮೊದಲು ಅತ್ತೆ ಬಾಯಿ ಬಿಟ್ಟರು. "ಇಲ್ಲ ಡಾಕ್ಟ್ರೇ, ನಮ್ಮುಡ್ಗಿಗೆ ಕನ್ನಡಕಾನೇ ಇಲ್ಲ. ಲೆನ್ಸ್ ಯಾಕೆ?"

ಅಲ್ಲಿಯ ನರ್ಸ್ ಹುಲಿಯೂರುದುರ್ಗದ ಕಡೆಯವಳು. ಅದನ್ನು ಅತ್ತೆ ಬೆಂಚಿನ ಮೇಲೆ ಕೂತ ಹತ್ತು ನಿಮಿಷದಲ್ಲೇ ವಿಚಾರಿಸಿ ತಿಳಿದುಕೊಂಡಿದ್ದರು. ನನ್ನ ಕನ್ನಡಕ ಅವರ ಚೀಲದಲ್ಲಿತ್ತು. ಅಕ್ಷರದ ಪಟ್ಟಿ ಓದಿಸಿದಾಗ ಎಡಗಣ್ಣಲ್ಲೂ ಏನೂ ಕಾಣಲಿಲ್ಲ. "ಅತ್ತೂ ಅತ್ತೂ ಹಂಗಾಗೈತೆ," ಎಂದರು ಅತ್ತೆ. ನಾನು ಸುಮ್ಮನಿದ್ದೆ. ಅದನ್ನೂ ಬರೆದಿದ್ದೇನೆ: 'ಮೂರನೇ ದಿನ, ಡಾಕ್ಟರ್ ಕೇಳಿದರು, ನಾನು ಸುಮ್ಮನಿದ್ದೆ.'

ಆಂಟಿಬಯಾಟಿಕ್ ಹನಿ ಕೊಟ್ಟರು. ಎಂಟನೇ ದಿನ ಮತ್ತೆ ಹೋದೆವು. ಕಣ್ಣಿನ ಕಪ್ಪಿನ ಮೇಲಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಅದರ ಮೇಲೆ ಟೊಂಗೆಯಂಥ ಗೆರೆಗಳು ಕಾಣುತ್ತಿವೆ, ತುಟಿ ಮೇಲೆ ಗುಳ್ಳೆ ಬರಿಸುವ ವೈರಸ್ಸೇ ಕಣ್ಣಿಗೂ ಬರುವುದುಂಟು, ಅದಕ್ಕೆ ಮುಲಾಮು ಹಾಕೋಣ ಎಂದರು. ಅವರ ಕೈಗೆ ನಾವು ಕೊಟ್ಟ ಮಾಹಿತಿಗೆ ಅದು ತಕ್ಕ ಚಿಕಿತ್ಸೆಯೇ. ನಾನು ಕಾರ್ಖಾನೆಯಲ್ಲಿ ತಪ್ಪು ಅಳತೆ ಬರೆದು ಕಳಿಸಿದರೆ ಮುಂದಿನವನು ತಪ್ಪು ಭಾಗವನ್ನೇ ಜೋಡಿಸುತ್ತಾನೆ.

ಈ ನಡುವೆ ನೋಡಲು ಬಂದವರು ಹದಿನಾಲ್ಕು ಜನ. ತಂದ ಮದ್ದು ಒಂಬತ್ತು ಬಗೆ. ನಂದಿಬಟ್ಟಲು ಹೂವಿನ ರಸ ಇಬ್ಬರು, ಜೇನುತುಪ್ಪ ಇಬ್ಬರು, ಹರಳೆಣ್ಣೆ ಒಬ್ಬರು. ಹಿಂದಿನ ಬೀದಿಯ ಬಾಣಂತಿಯ ಹಾಲನ್ನು ಒಳಲೆಯಲ್ಲಿ ತಂದವರು ಒಬ್ಬರು. ಆ ಬಾಣಂತಿಯನ್ನು ಕೇಳಿದ್ದರೋ ಇಲ್ಲವೋ ಗೊತ್ತಿಲ್ಲ. ಒಬ್ಬರು ಬರಿಗೈಯಲ್ಲಿ ಬಂದು, ನಾಲಿಗೆಯಿಂದ ಕಸ ತೆಗೆಯುವ ಮುದುಕಿಯೊಬ್ಬಳ ವಿಳಾಸ ಕೊಟ್ಟರು. ನಾನು ಯಾವುದನ್ನೂ ಹತ್ತಿರ ಬಿಡಲಿಲ್ಲ. ಓದಿದ ಹುಡುಗಿ ನೋಡಿ! ಒಂಬತ್ತು ಮದ್ದನ್ನು ಬಾಗಿಲಲ್ಲೇ ತಡೆದವಳು, ಹತ್ತನೆಯದನ್ನು ಬೆಳ್ಳಿ ಬಟ್ಟಲಲ್ಲಿ ನೆನೆಸಿ ತಾನೇ ಇಟ್ಟುಕೊಂಡಿದ್ದಳು.

ಹನ್ನೆರಡನೇ ದಿನ ಕನ್ನಡಿಯಲ್ಲಿ ನೋಡಿಕೊಂಡೆ. ಕಪ್ಪಿನ ಮೇಲೆ ಮಂಜು ಕಟ್ಟಿತ್ತು. ಎಡಗಣ್ಣು ಮುಚ್ಚಿ ಕನ್ನಡಕ ಹಾಕಿ ನೋಡಿದರೂ ನನ್ನದೇ ಕೈಬೆರಳು ನಾಲ್ಕೋ ಐದೋ ಗೊತ್ತಾಗಲಿಲ್ಲ. ಆಗ ಹೆದರಿಕೆಯಾಯಿತು. ಒಂದೇ ಕಣ್ಣಿನಲ್ಲಿ ಅಳತೆ ನೋಡುವವಳನ್ನು ಯಾವ ಕಾರ್ಖಾನೆ ಇಟ್ಟುಕೊಳ್ಳುತ್ತದೆ?

ಗುಬ್ಬಿಯ ಡಾಕ್ಟರೇ ತುಮಕೂರಿನ ಕಣ್ಣಿನ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿಗೆ ಗುರುವಾರ ಮಾತ್ರ ಕಾರ್ನಿಯಾದ ಡಾಕ್ಟರ್ ಬರುತ್ತಾರೆ. ಹದಿನಾರನೇ ದಿನ ಗುರುವಾರ. ಹೋದೆವು, ನಾನು ಮತ್ತು ಅತ್ತೆ. ಆಸ್ಪತ್ರೆಯ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ಒಬ್ಬರು ನಿಂತಿದ್ದರು. ಹುಡುಗನ ಅತ್ತಿಗೆ, ಅಣ್ಣನ ಹೆಂಡತಿ, ತುಮಕೂರಿನಲ್ಲೇ ಮನೆ. 'ಹುಡುಗಿಗೆ ಅದೇನಾಗಿದೆ, ನೋಡಿಕೊಂಡು ಬಾ' ಎಂದು ಅವಳ ಅತ್ತೆ, ಅಂದರೆ ಹುಡುಗನ ತಾಯಿ, ಕಳಿಸಿದ್ದರು. ಅವಳು ಮಾತ್ರ 'ಬಾದಾಮಿ ಹಾಲು ತಂದೆ' ಎಂದಳು.

ಒಳಗೂ ನಮ್ಮೊಂದಿಗೇ ಬಂದಳು. ಡಾಕ್ಟರಮ್ಮ ನನ್ನ ಗಲ್ಲವನ್ನು ಯಂತ್ರದ ಮೇಲೆ ಊರಿಸಿ, ಒಂದು ಸೀಳು ಬೆಳಕನ್ನು ಕಣ್ಣೊಳಗೆ ಬಿಟ್ಟು ತುಂಬ ಹೊತ್ತು ನೋಡಿದರು. ನನ್ನ ಕಣ್ಣಲ್ಲಿ ನೀರು ಸುರಿದು ಯಂತ್ರವೇ ಒದ್ದೆಯಾಯಿತು.

"ಗಾಯ ಇರೋದು ಇಷ್ಟು. ನೋವು ಅಷ್ಟು. ಎರಡಕ್ಕೂ ತಾಳೆ ಆಗ್ತಾ ಇಲ್ಲ," ಎಂದರು. "ಲೆನ್ಸ್ ಹಾಕ್ತೀರಾ?"

"ಅಯ್ಯೋ, ಇಲ್ಲ ಮೇಡಮ್ಮೋರೆ. ನಮ್ಮುಡ್ಗಿಗೆ..."

"ನಾನು ಕೇಳಿದ್ದು ಅವರನ್ನ."

ಬಲಗಡೆ ಅತ್ತೆ ನನ್ನ ಮೊಣಕೈ ಹಿಡಿದಿದ್ದರು, ಹಿಡಿತ ಬಿಗಿಯಾಯಿತು. ಎಡಗಡೆ ಫ್ಲಾಸ್ಕಿನವಳು. ಹೌದು ಎಂದರೆ ಸಂಬಂಧ ಇಲ್ಲಿಗೆ ಮುಗಿಯಿತು, ಅಪ್ಪನ ಮುಖ, ಅಮ್ಮ ಆಗಲೇ ತೆಗೆದಿಟ್ಟ ಸೀರೆ. ಇಲ್ಲ ಎಂದರೆ ಇನ್ನೊಂದು ಮುಲಾಮು, ಇನ್ನೂ ಹದಿಮೂರು ದಿನ. ನಾನು ಧೈರ್ಯಸ್ಥೆಯೇನಲ್ಲ. ನೋವು ತಡೆಯಲಾಗಲಿಲ್ಲ, ಅಷ್ಟೇ. ಚೀಲದಿಂದ ಡೈರಿ ತೆಗೆದೆ. ಆ ಬೆಳಕಿನಲ್ಲಿ ನನಗೆ ಓದಲಾಗುತ್ತಿರಲಿಲ್ಲ. ಮೂಲೆ ಮಡಿಸಿದ್ದ ಪುಟ ತೆರೆದು ಅವರ ಕೈಗೇ ಕೊಟ್ಟೆ.

ಡಾಕ್ಟರಮ್ಮ ಗಟ್ಟಿಯಾಗಿ ಓದಿದರು. "ಲೆನ್ಸ್ ಹನ್ನೊಂದು ಸಲ. ನೀರಲ್ಲಿ ಎರಡು ರಾತ್ರಿ, ಕುಣಿಗಲ್, ಕುಂಕುಮದ ಬಟ್ಟಲು." ಆಮೇಲೆ ತಲೆಯೆತ್ತಿದರು. "ಇಷ್ಟು ಚೆನ್ನಾಗಿ ಬರೆದಿಟ್ಟಿದ್ದೀರ. ಯಾರಿಗೆ ತೋರಿಸೋಕೆ ಅಂತ?"

ನಾನು ಕೈ ಚಾಚಿ ಡೈರಿ ವಾಪಸು ತೆಗೆದುಕೊಂಡೆ.

ನೀರಿನಲ್ಲಿ, ಮಣ್ಣಿನಲ್ಲಿ ಇರುವ ಒಂದು ಬಗೆಯ ಅಮೀಬಾ, ಬರಿಗಣ್ಣಿಗೆ ಕಾಣದ ಜೀವಿ. ಲೆನ್ಸಿಗೆ ಅಂಟಿಕೊಂಡು ಕಾರ್ನಿಯಾಕ್ಕೆ ಇಳಿಯುತ್ತದೆ. ಅಪರೂಪದ ಕಾಯಿಲೆ, ಶುರುವಿನಲ್ಲಿ ವೈರಸ್ಸಿನ ಹಾಗೇ ಕಾಣುತ್ತದೆ, ಎಂದು ವಿವರಿಸಿದರು. ಅತ್ತೆಗೆ ಕೇಳಿಸಿದ್ದು ಒಂದೇ.

"ನಮ್ಮ ಬೋರಲ್ಲಿ ಅಂಥದ್ದೆಲ್ಲ ಇಲ್ಲ ಮೇಡಮ್. ಬೀದಿಯವ್ರೆಲ್ಲ ಅದನ್ನೇ ಕುಡಿಯೋದು."

"ಕುಡೀಲಿ, ಏನೂ ಆಗಲ್ಲ. ಎಲ್ಲರ ನೀರಲ್ಲೂ ಇರಬಹುದು. ಲೆನ್ಸ್ ಜೊತೆ ಕಣ್ಣಿಗೆ ಹೋಗಬಾರದು, ಅಷ್ಟೇ."

"ಬೆಳ್ಳಿ ಬಟ್ಲಲ್ಲೇ ಇಟ್ಟಿದ್ದು."

ಡಾಕ್ಟರಮ್ಮ ಕಣ್ಣು ಮರಗಟ್ಟುವ ಹನಿ ಹಾಕಿ, ಕಾರ್ನಿಯಾದ ಮೇಲ್ಪದರವನ್ನು ಸಣ್ಣ ಅಲಗಿನಿಂದ ಕೆರೆದು ಗಾಜಿನ ಮೇಲೆ ಸವರಿದರು. ಮಧ್ಯಾಹ್ನದ ಹೊತ್ತಿಗೆ ಸೂಕ್ಷ್ಮದರ್ಶಕದಲ್ಲಿ ನೋಡಿದವರು ಬಂದು ಹೇಳಿದರು. ಎರಡು ಗೋಡೆಯ ಪುಟ್ಟ ಪುಟ್ಟ ಗೂಡುಗಳು ಕಂಡವಂತೆ. ಅಮೀಬಾ ಔಷಧ ಬಿದ್ದಾಗ ಆ ಗೂಡಿನೊಳಗೆ ಮುದುಡಿ ಕೂರುತ್ತದಂತೆ, ಔಷಧ ನಿಲ್ಲಿಸಿದರೆ ಹೊರಗೆ ಬರುತ್ತದಂತೆ. ಆದ್ದರಿಂದ ತಿಂಗಳುಗಟ್ಟಲೆ ಹನಿ ಹಾಕಬೇಕು, ಒಂದು ಸಲವೂ ತಪ್ಪಿಸಬಾರದು. "ನೀವು ಮೊದಲ ವಾರವೇ ಬಂದಿದ್ದರೆ ಮೇಲ್ಪದರದಲ್ಲೇ ಮುಗೀತಿತ್ತು. ಈಗ ಒಳಗೆ ಇಳಿದಿದೆ. ಕಣ್ಣು ಉಳಿಸೋಣ. ದೃಷ್ಟಿ ಎಷ್ಟು ಉಳಿಯುತ್ತೆ ಅಂತ ಈಗ ಹೇಳಲ್ಲ," ಎಂದರು ಡಾಕ್ಟರಮ್ಮ.

ಅತ್ತೆ ಔಷಧಿಯ ಸಾಲಿನಲ್ಲಿ ನಿಂತಿದ್ದಾಗ ಮೆಟ್ಟಿಲ ಮೇಲೆ ಫ್ಲಾಸ್ಕಿನವಳು ನನ್ನ ಪಕ್ಕ ಕೂತಳು. ಬಾದಾಮಿ ಹಾಲು ಬಗ್ಗಿಸಿ ಕೊಟ್ಟಳು.

"ಪವರ್ ಎಷ್ಟು?" ಎಂದಳು.

"ಆರೂವರೆ."

"ನಂದು ನಾಲ್ಕು. ನಂಗೂ ತೆಗ್ಸಿದ್ರು, ಮದ್ವೆಗೆ ಮುಂಚೆ. ಆರು ವರ್ಷ ಆಯ್ತು, ಇನ್ನೂ ಹೇಳಿಲ್ಲ. ಅಕ್ಕಿ ಆರಿಸೋವಾಗ ಕಲ್ಲು ಕೈಗೆ ಸಿಕ್ಕಿದ್ರೆ ಸಿಕ್ತು. ಇಲ್ದಿದ್ರೆ ಅವ್ರ ಹಲ್ಲಿಗೆ ಸಿಗತ್ತೆ, ಬುಡಮ್ಮ."

ಇಬ್ಬರೂ ನಕ್ಕೆವು. ನಕ್ಕದ್ದಕ್ಕೆ ನನ್ನ ಕಣ್ಣು ಇನ್ನಷ್ಟು ನೋಯಿತು. ಇವಳು ನನ್ನವಳು ಎಂದುಕೊಂಡೆ. ಆಮೇಲೆ ಅವಳು ಮನೆಗೆ ಹೋಗಿ ಎಲ್ಲವನ್ನೂ, ಆರೂವರೆಯನ್ನೂ ಸೇರಿಸಿ, ಹೇಳಿದಳು. ತನ್ನ ನಾಲ್ಕನ್ನು ಮಾತ್ರ ಹೇಳಲಿಲ್ಲ.

ಅದಾದ ಮೂರನೇ ದಿನ ಅವರ ಮನೆಯಿಂದ ಫೋನ್ ಬಂತು. ಜಾತಕ ಕೂಡಿ ಬರುತ್ತಿಲ್ಲವಂತೆ. ಅದೇ ಜಾತಕ ಮೂರು ವಾರದ ಹಿಂದೆ ಅವರದೇ ಜೋಯಿಸರ ಮುಂದೆ ಅಂದವಾಗಿ ಕೂಡಿ ಬಂದಿತ್ತು. ನನ್ನ ಕಾರ್ನಿಯಾಕ್ಕೆ ಗ್ರಹಗಳನ್ನು ಸರಿಸುವ ಶಕ್ತಿ ಇದೆ ಎಂದು ಅವತ್ತು ತಿಳಿಯಿತು.

ಆ ಹನಿಗಳು ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ, ಆಸ್ಪತ್ರೆಯಲ್ಲೇ ತಯಾರಿಸಿ ಕೊಡುತ್ತಾರೆ. ಎರಡು ಬಾಟಲಿ, ಪ್ರತಿ ಸಲ ಎರಡರಿಂದಲೂ ಒಂದೊಂದು ಹನಿ. ಮೊದಲ ಎರಡು ದಿನ ಹಗಲೂ ಇರುಳೂ ಗಂಟೆಗೊಂದು ಸಲ: ತೊಂಬತ್ತಾರು ಹನಿ. ಆಮೇಲೆ ಎದ್ದಿರುವಷ್ಟು ಹೊತ್ತು ಗಂಟೆಗೊಮ್ಮೆ, ಆಮೇಲೆ ಎರಡು ಗಂಟೆಗೊಮ್ಮೆ, ಕೊನೆಗೆ ದಿನಕ್ಕೆ ನಾಲ್ಕು ಸಲ. ಅಮ್ಮ ಫೋನಿನಲ್ಲಿ ಅಲಾರಂ ಇಟ್ಟರು, ನಾನು ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕಿದೆ. ಏಳು ತಿಂಗಳಿಗೆ ಎರಡು ಸಾವಿರದ ನಾನೂರ ಹದಿನಾರು. ತಪ್ಪಿದ್ದು ಸೊನ್ನೆ. ಅಮ್ಮ ಅಷ್ಟೂ ದಿನ ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಅವರು ಬಂದಾಗ ಕಾಫಿಗೆ ಸಕ್ಕರೆ ಹಾಕದೆ ಕೊಟ್ಟರು, ಅಷ್ಟೇ.

ಅತ್ತೆ ಮಾತ್ರ ಸುಮ್ಮನೆ ಕೂರಲಿಲ್ಲ. ಬೋರಿನ ನೀರನ್ನು ಬಾಟಲಿಯಲ್ಲಿ ತುಂಬಿ ತುಮಕೂರಿಗೆ ಪರೀಕ್ಷೆಗೆ ಕೊಟ್ಟು ಬಂದರು. 'ಕುಡಿಯಲು ಯೋಗ್ಯ' ಎಂದು ಬಂತು. ಅದನ್ನು ಲ್ಯಾಮಿನೇಟ್ ಮಾಡಿಸಿ ಹಜಾರದಲ್ಲಿ ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ. "ಕಂಪ್ಯೂಟ್ರು ನೋಡೀ ನೋಡೀ ಕಣ್ಣು ಹಾಳ್ಮಾಡ್ಕೊಂಡ್ಲು, ಅಂದಿದ್ದು ನಮ್ಮ ನೀರಿಗೆ," ಎನ್ನುತ್ತಾರೆ. ನನಗೆ ನಗು ಬರುತ್ತದೆ. ಆದರೆ ನನ್ನ ಡೈರಿಯೂ ಅಂಥದೇ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ತಾನೇ? ಮೂರನೇ ದಿನದಿಂದ ಹದಿನಾರನೇ ದಿನದವರೆಗೆ ಹದಿಮೂರು ದಿನ. ಆ ಹದಿಮೂರನ್ನು ನಾನು ಅತ್ತೆಯ ಹೆಸರಿನಲ್ಲಿ ಬರೆಯಲು ಎಷ್ಟೋ ಸಲ ನೋಡಿದೆ. ನನ್ನ ಬಾಯಿ ನನ್ನ ಬಳಿಯೇ ಇತ್ತು.

ಬಲಗಣ್ಣಿನ ಲೆಕ್ಕವೂ ಇದೆ. ಹದಿನಾರನೇ ದಿನ, ಬೆರಳು ಎಣಿಸುವಷ್ಟು. ಎರಡನೇ ತಿಂಗಳು, ಪಟ್ಟಿಯ ಮೇಲಿನ ಒಂದೇ ದೊಡ್ಡ ಅಕ್ಷರ. ಐದನೇ ತಿಂಗಳು, ಎರಡನೇ ಸಾಲು. ಏಳನೇ ತಿಂಗಳು, ಮೂರನೇ ಸಾಲಿನಲ್ಲಿ ಒಂದು ತಪ್ಪು. ಕಪ್ಪಿನ ನಡುವೆ ಸ್ವಲ್ಪ ಕೆಳಗೆ ಬೂದು ಬಣ್ಣದ ಕಲೆ ಉಳಿದಿದೆ. ಕಣ್ಣು ಪೂರ್ತಿ ಶಾಂತವಾಗಿ ವರ್ಷ ಕಳೆದ ಮೇಲೆ ಬೇಕಾದರೆ ಕಾರ್ನಿಯಾ ಬದಲಿಸುವ ಮಾತು ಆಡೋಣ, ಅಲ್ಲಿಯವರೆಗೆ ದಿನಕ್ಕೆ ನಾಲ್ಕು ಸಲ ಹನಿ ಎಂದಿದ್ದಾರೆ. ಕಾರ್ಖಾನೆಯಲ್ಲಿ ನನಗೆ ಅಂಕಿ ತೋರಿಸುವ ಅಳತೆ ಯಂತ್ರ ಕೊಟ್ಟಿದ್ದಾರೆ. ಸದ್ಯಕ್ಕೆ ಎಂದಿದ್ದಾರೆ.

ಹೋದ ವಾರ ಅತ್ತೆ ಆರನೆಯ ಮನೆಯವರನ್ನು ತಂದರು. ಗುಬ್ಬಿಯಲ್ಲೇ, ನಮ್ಮ ಹಜಾರದಲ್ಲೇ. ಹಿಂದಿನ ದಿನ ನನಗೊಂದು ಉಡುಗೊರೆಯೂ ಬಂತು: ಕಪ್ಪು ಬಣ್ಣದ, ಬೆರಳಗಲದ ದಪ್ಪ ಅಂಚಿನ ಕನ್ನಡಕದ ಫ್ರೇಮು, ನನ್ನ ಪವರಿನ ಗಾಜು ಹಾಕಿಸಿ.

"ಇದನ್ನ ಹಾಕ್ಕೋ ಮಗಾ. ಏನೇ ಆದ್ರೂ ತೆಗೀಬೇಡ. ಕಲೆ ಕಾಣಲ್ಲ ಇದ್ರಲ್ಲಿ."

"ಅತ್ತೆ, ಕನ್ನಡಕ ಹಾಕಿದ್ರೆ ಮುಖ ಕಾಣಲ್ಲ ಅಂತಿದ್ರಲ್ಲ?"

"ಕಾಲಕ್ಕೆ ತಕ್ಕಂಗೆ ಇರ್ಬೇಕು ಕಣೇ," ಎಂದರು, ಕಣ್ಣು ಮಿಟುಕಿಸದೆ.

ಬಂದವರು ಐದು ಜನ. ತಿಂಡಿ ಉಪ್ಪಿಟ್ಟು, ಕೇಸರಿಬಾತ್. ಕನ್ನಡಕ: ಹೌದು. ಮೊದಲ ಬಾರಿಗೆ ಹನ್ನೊಂದು ಹೆಜ್ಜೆ ಎಣಿಸದೆ ನಡೆದು, ಗಂಡಿಗೇ ಕಾಫಿ ಕೊಟ್ಟೆ. ಅವನ ಅಂಗಿಯ ಮೂರನೇ ಗುಂಡಿ ಬೇರೆ ಬಣ್ಣದ್ದು ಎನ್ನುವುದೂ ಕಂಡಿತು. ಅವನ ತಂದೆ ನನ್ನ ಕೆಲಸದ ಬಗ್ಗೆ ಕೇಳುತ್ತಿದ್ದರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಅಮ್ಮನ ಫೋನ್ ಕೂಗಿತು. ನಾಲ್ಕು ಗಂಟೆಯ ಹನಿ.

ಅತ್ತೆ ನನ್ನ ಕಡೆ ನೋಡಿ ತಲೆಯನ್ನು ಸಣ್ಣಗೆ ಅಡ್ಡಡ್ಡ ಆಡಿಸಿದರು. ಆಮೇಲೆ ಹಾಕಿಕೊಂಡರಾಯಿತು ಎಂದು ಅರ್ಥ. ಅಮ್ಮ ಬಾಗಿಲಲ್ಲಿ ಬಂದು ನಿಂತರು. ಅವರ ಕೈಯಲ್ಲಿ ಬಾಟಲಿಗಳಿದ್ದವು.

ನಾನು ದಪ್ಪ ಫ್ರೇಮಿನ ಕನ್ನಡಕ ತೆಗೆದು ಟೀಪಾಯಿಯ ಮೇಲಿಟ್ಟೆ. ಕುರ್ಚಿಯ ಬೆನ್ನಿಗೆ ತಲೆ ಆನಿಸಿದೆ. ಅಮ್ಮ ಬಲಗಣ್ಣಿನ ಕೆಳರೆಪ್ಪೆ ಎಳೆದು ಒಂದು ಹನಿ ಬಿಟ್ಟರು.

"ಅದೂ... ಧೂಳಿಗೆ... ಈ ಸಲ ಧೂಳು ಜಾಸ್ತಿ..." ಅತ್ತೆಯ ದನಿ.

"ಧೂಳಲ್ಲ," ಎಂದೆ, ಕಣ್ಣು ಮುಚ್ಚಿಕೊಂಡೇ. "ಕಾರ್ನಿಯಾಕ್ಕೆ ಕಾಯಿಲೆ ಆಗಿತ್ತು. ಕಲೆ ಇದೆ. ಬಲಗಣ್ಣಲ್ಲಿ ಮೂರನೇ ಸಾಲಿನವರೆಗೆ ಓದ್ತೀನಿ, ಒಂದು ತಪ್ಪು ಬರತ್ತೆ. ಅಂಟೋ ಕಾಯಿಲೆ ಅಲ್ಲ. ಐದು ನಿಮಿಷ ಬಿಟ್ಟು ಇನ್ನೊಂದು ಹನಿ ಹಾಕ್ಬೇಕು. ನೀವು ತಿಂಡಿ ತಗೊಳ್ಳಿ."

ಐದು ನಿಮಿಷ ದೊಡ್ಡದು. ಚಮಚ ತಟ್ಟೆಗೆ ತಾಗಿದ ಸದ್ದು, ಯಾರದೋ ಕೆಮ್ಮು, ಕುರ್ಚಿ ಸರಿದ ಸದ್ದು. ಎದ್ದು ಹೋಗುತ್ತಿದ್ದಾರೆ ಎಂದುಕೊಂಡೆ. ಹೋಗಲಿ, ಈ ಹನಿ ತಪ್ಪುವುದಿಲ್ಲ. ಅಮ್ಮ ಎರಡನೆಯದನ್ನು ಬಿಟ್ಟರು. ಅದೂ ಉರಿಯಿತು, ಯಾವಾಗಲೂ ಉರಿಯುವಷ್ಟೇ.

ಕಣ್ಣು ಒರೆಸಿಕೊಂಡು ಕನ್ನಡಕ ಹಾಕಿಕೊಂಡೆ. ಐದೂ ಜನ ಇದ್ದರು. ಕುರ್ಚಿ ಸರಿಸಿದ್ದು ಅತ್ತೆ; ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಗಂಡು ತಟ್ಟೆ ಖಾಲಿ ಮಾಡಿ, ನನ್ನ ಬಲಗಣ್ಣನ್ನೇ ನೋಡುತ್ತಿದ್ದ. ಏನು ಹೇಳಿ ಕಳಿಸುತ್ತಾರೋ, ಆ ಕಾಲಂ ಇನ್ನೂ ಖಾಲಿ ಇದೆ. ಅವರು ಹೋದ ಮೇಲೆ ಡೈರಿ ತೆಗೆದು ನಾಲ್ಕು ಗಂಟೆಯ ಗೀಟು ಎಳೆದೆ, ಎರಡು.